ಬೊಜ್ಜು ಕರಗಿಸುವ ಗುಳಿಗೆಗಳೂ ಮಾರುವವನ ಹೊಣೆಯೂ



ರಿಪ್ಪನ್‌ಪೇಟೆಯು ನಾಲ್ಕು ದಾರಿಗಳು ಕೂಡುವ ಊರು. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ಈ ನಾಲ್ಕು ಕಡೆಗಳಿಂದಲೂ ಬಸ್ಸುಗಳು ಅಲ್ಲಿಗೆ ಬರುತ್ತವೆ. ಅವುಗಳ ಸಂಗಡ ಸರಕುಗಳೂ ಸುದ್ದಿಗಳೂ ಇಳಿಯುತ್ತವೆ. ಕೆಲವು ವರುಷಗಳಿಂದ ಅಲ್ಲಿ ಇಳಿಯುವ ಸರಕುಗಳಲ್ಲಿ ಹೊಸತೊಂದುಂಟು. ಅದು ಮೈಯ ಬೊಜ್ಜನ್ನು ಕರಗಿಸುವದೆಂದು ಹೇಳಿಕೊಳ್ಳುವ ಗುಳಿಗೆಗಳ ಮತ್ತು ಪುಡಿಗಳ ಡಬ್ಬಿ. ವೈದ್ಯನ ಚೀಟಿ ಬೇಕಿಲ್ಲ. ಹಣವಿದ್ದವರು ಯಾರಾದರೂ ಕೊಳ್ಳಬಹುದು. ಅಂಗಡಿಯಲ್ಲಿ ಇಲ್ಲವಾದರೆ ಮೊಬೈಲಿನಲ್ಲಿ ಬರಕೊಂಡು ಮನೆಬಾಗಲಿಗೇ ತರಿಸಬಹುದು.

ನಮಗೆ ಪರಿಚಯವುಳ್ಳ ಒಬ್ಬ ವಿಧವೆಯು ಇಂಥಾ ಡಬ್ಬಿಗಳನ್ನು ಮನೆಮನೆಗೆ ಒಯ್ದು ಮಾರುತ್ತಿದ್ದಳು. ಒಂದು ದಿವಸ ಆಕೆಯು ನಮ್ಮ ಜಗಲಿಯ ಮೇಲೆ ಕೂತುಕೊಂಡು, "ಅಯ್ಯನವರೇ, ಇದನ್ನು ಮಾರಬೇಡವೆಂದು ಸರಕಾರದವರು ಹೇಳಿಲ್ಲ. ಡಬ್ಬಿಯ ಮೇಲೆ ಲೈಸೆನ್ಸು ನಂಬರೂ ಉಂಟು. ನಾನು ಕದ್ದು ಮಾರುವವಳಲ್ಲ. ನನ್ನ ಹುಡುಗನ ಫೀಸು ಇದರಿಂದಲೇ ಹುಟ್ಟುತ್ತದೆ. ಇದರಲ್ಲಿ ತಪ್ಪೇನು, ನೀವೇ ಹೇಳಿರಿ" ಎಂದು ಕೇಳಿದಳು. ನಮಗೆ ಆಗ ಉತ್ತರವು ತೋಚಲಿಲ್ಲ. ಆಕೆಯ ಕಷ್ಟವನ್ನು ನೆನಸಿ ನಾವೂ ಒಂದು ಡಬ್ಬಿಯನ್ನು ಕೊಂಡು ಗೂಡಿನಲ್ಲಿಟ್ಟೆವು. ಬಾಯಿಂದ ಹೇಳಬೇಕಾದ ಉತ್ತರವನ್ನು ಹೀಗೆ ಹಣದಿಂದ ಮುಚ್ಚಿಬಿಟ್ಟೆವೆಂದು ಈಗ ತಿಳಿಯುತ್ತೇವೆ.

ತರುವಾಯ ಮೂರು ತಿಂಗಳಾಗಲಿಲ್ಲ. ಅದೇ ಹಳ್ಳಿಯ ಒಬ್ಬ ಹುಡುಗಿಯು, ಗಂಡಿನ ಕಡೆಯವರು ನೋಡಿಕೊಂಡು ಹೋಗುವಾಗ "ಹುಡುಗಿ ಸ್ವಲ್ಪ ದಪ್ಪ" ಎಂದು ಹೇಳಿದ ಒಂದೇ ಮಾತಿಗೆ ನೊಂದುಕೊಂಡು, ಆ ಡಬ್ಬಿಗಳಲ್ಲಿ ಎರಡನ್ನು ತಿಂದು ಮುಗಿಸಿದಳು. ಅವಳ ಕಣ್ಣು ಹಳದಿಯಾಯಿತು, ಅನ್ನ ಸೇರದಾಯಿತು. ಶಿವಮೊಗ್ಗದ ವೈದ್ಯರು, "ಏನು ತಿಂದಿದ್ದೀ?" ಎಂದು ಕೇಳಿದಾಗ ತಾಯಿಯು ಡಬ್ಬಿಯನ್ನು ತೋರಿಸಿದಳು. ಅದರ ಮೇಲೆ ಒಂದು ಹಣ್ಣಿನ ಚಿತ್ರವಿತ್ತು. ಗಿಡಮೂಲಿಕೆಗಳ ಸಾರವೆಂದು ಬರೆದಿತ್ತು. ಯಾವದು ಎಷ್ಟೆಂಬದು ಇರಲಿಲ್ಲ. ವೈದ್ಯರು, "ಈ ಪುಡಿಯಿಂದಲೇ ಕಾಮಾಲೆಯಾಯಿತೆಂದು ನಾನು ಆಣೆಯಿಟ್ಟು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಒಳಗೆ ಏನಿದೆಯೆಂದು ಗೊತ್ತಿದ್ದರಲ್ಲವೇ ಹೇಳುವದು? ಮೊದಲು ಇದನ್ನು ಬಿಡು" ಎಂದರು. ಹುಡುಗಿಯು ಎರಡು ತಿಂಗಳು ಮಲಗಿ ಎದ್ದಳು. ಡಬ್ಬಿಯ ಮೇಲಿದ್ದ ಹಣ್ಣನ್ನು ನೋಡಿ ಆ ತಾಯಿಯು, "ಅಯ್ಯೋ, ಇದು ನಮ್ಮ ಉಪ್ಪಾಗೆಯಲ್ಲವೇ!" ಎಂದಳಂತೆ. ಮಳೆಗಾಲದಲ್ಲಿ ಕಾಡಿಗೆ ಹೋಗಿ ಉಪ್ಪಾಗೆಯನ್ನು ಆರಿಸಿ, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಿ, ಪೇಟೆಯ ವ್ಯಾಪಾರಿಗೆ ತೂಗಿ ಕೊಡುವವಳು ಆಕೆಯೇ.

ಈ ಸಂಗತಿಯು ನಮ್ಮನ್ನು ಬಹಳವಾಗಿ ಯೋಚಿಸುವಂತೆ ಮಾಡಿತು. ಒಬ್ಬನು ಸ್ವಂತ ಹಣದಿಂದ ಕೊಂಡು ಸ್ವಂತ ಹೊಟ್ಟೆಗೆ ಹಾಕಿಕೊಳ್ಳುವ ವಸ್ತುವಿನ ವಿಷಯದಲ್ಲಿ ಸರಕಾರವು ಕೈ ಹಾಕುವದು ನ್ಯಾಯವೋ? ಕಾನೂನು ಬೇಡವೆನ್ನದಿರುವದನ್ನು ಮಾರುವವನ ಮೇಲೆ ಏನಾದರೂ ಹೊಣೆಯುಂಟೋ? ಇವೆರಡನ್ನು ಕ್ರಮವಾಗಿ ವಿಚಾರಿಸೋಣ.

ಮೊದಲು ಉಪ್ಪಾಗೆಯ ಚರಿತ್ರೆಯನ್ನು ಕೇಳಿರಿ. ಈ ಮರವು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಕಾಡುಗಳಲ್ಲಿ ತಾನೇ ಬೆಳೆಯುವಂಥಾದ್ದು. ಹಿರಿಯರು ಅದರ ಸಿಪ್ಪೆಯನ್ನು ಹುಳಿಗಾಗಿ ಅಡಿಗೆಗೆ ಹಾಕಿದರು. ಬೀಜದಿಂದ ತುಪ್ಪವನ್ನು ತೆಗೆದರು. ಮಲೆಯಾಳ ಸೀಮೆಯವರು ಇದನ್ನೇ ಕುಡಂಪುಳಿಯೆಂದು ಕರೆದು ಮೀನಿನ ಸಾರಿಗೆ ಹಾಕುತ್ತಾರೆ. ಇದರ ಹುಳಿಯಲ್ಲಿ ಮುಖ್ಯವಾದದ್ದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ೧೯೬೫ನೇ ಇಸವಿಯಲ್ಲಿ ಪ್ರಕಟಿಸಿದರು. ಈ ಆಮ್ಲವು ಶರೀರದಲ್ಲಿ ಕೊಬ್ಬು ಹುಟ್ಟುವ ಕ್ರಮಕ್ಕೆ ಅಡ್ಡಿಮಾಡುವದೆಂದು ಪ್ರಾಣಿಗಳ ಮೇಲಿನ ಪರೀಕ್ಷೆಗಳಿಂದ ತೋರಿಬಂದ ಮೇಲೆ, ಪರದೇಶದ ವರ್ತಕರು ಇದರ ಸಾರವನ್ನು ಗಾರ್ಸೀನಿಯಾ ಎಂಬ ಹೆಸರಿನಿಂದ ಡಬ್ಬಿಗಳಲ್ಲಿ ತುಂಬಿದರು. ನಮ್ಮ ಕಾಡಿನ ಹುಳಿಗೆ ಬೇಡಿಕೆ ಬಂತು. ಅದರ ಸಂಗಡ ಎಳೇ ಕಾಯಿಗಳನ್ನು ಕೊಯ್ಯುವದೂ, ಕೊಂಬೆಗಳನ್ನು ಕಡಿಯುವದೂ, ಒಣಗಿಸುವದಕ್ಕಾಗಿ ಸೌದೆಯನ್ನು ಸುಡುವದೂ ಬಂತು.

ಹಾಗಾದರೆ ಅದು ಮೈಯನ್ನು ಕರಗಿಸುತ್ತದೋ? ೧೯೯೮ರಲ್ಲಿ ಅಮೇರಿಕದ ವೈದ್ಯರು ಇದನ್ನು ನ್ಯಾಯವಾಗಿ ಪರೀಕ್ಷಿಸಿ ಪ್ರಕಟಿಸಿದರು. ಸ್ಥೂಲಕಾಯದ ೧೩೫ ಮಂದಿಯನ್ನು ಎರಡು ಪಂಗಡ ಮಾಡಿ, ೧೨ ವಾರಗಳ ವರೆಗೆ ಒಂದು ಪಂಗಡಕ್ಕೆ ದಿನಕ್ಕೆ ೧೫೦೦ ಮಿಲಿಗ್ರಾಂ ಆಮ್ಲವನ್ನೂ ಇನ್ನೊಂದು ಪಂಗಡಕ್ಕೆ ಅದರಂತೆಯೇ ಕಾಣುವ ಬರಿಯ ಗುಳಿಗೆಯನ್ನೂ ಕೊಟ್ಟರು. ಎರಡು ಪಂಗಡಗಳಿಗೂ ಒಂದೇ ವಿಧವಾದ ಮಿತಾಹಾರ. ಕಡೆಯಲ್ಲಿ ಸಾರವನ್ನು ತಿಂದವರು ಸರಾಸರಿ ೩.೨ ಕಿಲೋ ಇಳಿದರು. ಬರಿಯ ಗುಳಿಗೆಯನ್ನು ತಿಂದವರು ೪.೧ ಕಿಲೋ ಇಳಿದರು. ಅಂದರೆ ಇಳಿಸಿದ್ದು ಮಿತಾಹಾರವೇ ಹೊರತು ಡಬ್ಬಿಯಲ್ಲ. ಕೇಡಿನ ಮಾತನ್ನೂ ಹೇಳಬೇಕು. ೨೦೦೯ರ ಮೇ ತಿಂಗಳಲ್ಲಿ ಅಮೇರಿಕ ಸರಕಾರದ ಔಷಧಾಹಾರ ಇಲಾಖೆಯವರು, ಬಹಳ ಹೆಸರುವಾಸಿಯಾದ ಹೈಡ್ರಾಕ್ಸಿಕಟ್ ಎಂಬ ಸರಕಿನಿಂದ ಪಿತ್ತಜನಕಾಂಗಕ್ಕೆ ಅಪಾಯವಾದ ೨೩ ವರದಿಗಳು ಬಂದಿವೆಯೆಂದೂ ಅವರಲ್ಲಿ ಒಬ್ಬನು ಸತ್ತನೆಂದೂ ತಿಳಿಸಿ, ಜನರು ಅದನ್ನು ಬಿಡಬೇಕೆಂದು ಎಚ್ಚರಿಸಿದರು. ಆ ಸರಕುಗಳಲ್ಲಿ ಕೆಲವುಗಳಲ್ಲಿ ಉಪ್ಪಾಗೆಯ ಸಾರವೂ ಇತ್ತು. ಫ್ರಾನ್ಸ್ ದೇಶದ ಆಹಾರರಕ್ಷಣೆಯ ಸಂಸ್ಥೆಯವರು ೨೦೨೫ರಲ್ಲಿ ಈ ಗಿಡದ ಸಾರವುಳ್ಳ ಡಬ್ಬಿಗಳನ್ನು ತಿನ್ನಲೇಬೇಡಿರೆಂದು ಪ್ರಜೆಗಳಿಗೆ ಹೇಳಿದರು.

ಇಲ್ಲಿ ಕೆಲವರು, "ನಮ್ಮ ಅಜ್ಜಿಯಂದಿರು ಉಪ್ಪಾಗೆಯನ್ನು ತಿಂದು ಬದುಕಲಿಲ್ಲವೋ? ಗಿಡದಿಂದ ಬಂದದ್ದು ಹೇಗೆ ಕೆಟ್ಟದ್ದಾದೀತು?" ಎಂದು ಕೇಳುವರು. ಸಾರಿಗೆ ಎರಡು ಚೂರು ಹಾಕುವದು ಬೇರೆ, ಒಂದು ಬುಟ್ಟಿ ಸಿಪ್ಪೆಯನ್ನು ಹಿಂಡಿ ಸಾರ ತೆಗೆದು ದಿನಕ್ಕೆ ಮೂರು ಸಾರಿ ನುಂಗುವದು ಬೇರೆ. ಉಪ್ಪು ಊಟಕ್ಕೆ ರುಚಿ. ಸೇರುಗಟ್ಟಲೆ ತಿಂದರೆ ಏನಾದೀತು? ಗಿಡದ್ದಾದರೆ ನಿರಪಾಯವೆಂಬದೂ ಸುಳ್ಳು. ಕಾಸರಕನ ಮರವೂ ನಮ್ಮ ಕಾಡಿನದೇ. ಅದರ ಬೀಜವನ್ನು ಮಗುವಿನ ಕೈಗೆ ಯಾರು ಕೊಡುವರು?

ಡಬ್ಬಿಯಲ್ಲಿ ಬರೆದದ್ದು ಇದ್ದರೆ ಇಷ್ಟು. ಬರೆಯದಿರುವದು ಇದ್ದರೆ ಇನ್ನೂ ಘೋರವಾದದ್ದು. ಸಿಬುಟ್ರಮಿನ್ ಎಂಬ ಔಷಧವನ್ನು ಹಸಿವು ತಗ್ಗಿಸುವದಕ್ಕಾಗಿ ವೈದ್ಯರೇ ಮೊದಲು ಕೊಡುತ್ತಿದ್ದರು. ಸುಮಾರು ಹತ್ತು ಸಾವಿರ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ, ಅದನ್ನು ತಿಂದವರಲ್ಲಿ ನೂರಕ್ಕೆ ೧೧.೪ ಮಂದಿಗೂ ತಿನ್ನದವರಲ್ಲಿ ನೂರಕ್ಕೆ ೧೦ ಮಂದಿಗೂ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಆಪತ್ತುಗಳು ಬಂದವು. ಆದದರಿಂದ ೨೦೧೦ರಲ್ಲಿ ಯೂರೋಪಿನಲ್ಲಿಯೂ ಅಮೇರಿಕದಲ್ಲಿಯೂ ಅದು ನಿಂತುಹೋಯಿತು. ೨೦೧೧ರ ಫೆಬ್ರುವರಿಯಲ್ಲಿ ನಮ್ಮ ಭಾರತ ಸರಕಾರವೂ ಅದನ್ನು ಮಾಡುವದನ್ನೂ ಮಾರುವದನ್ನೂ ನಿಷೇಧಿಸಿತು. ಆದರೆ ಮುಂದಿನ ಬಾಗಿಲಿಂದ ಹೊರಟದ್ದು ಹಿತ್ತಲ ಬಾಗಿಲಿಂದ ಒಳಗೆ ಬಂತು. ಅಮೇರಿಕದ ಇಲಾಖೆಯವರು ೨೦೦೭ರಿಂದ ೨೦೧೬ರ ವರೆಗೆ ಕಲಬೆರಕೆಯುಳ್ಳವೆಂದು ಕಂಡುಹಿಡಿದ ೭೭೬ ಪೂರಕಾಹಾರಗಳಲ್ಲಿ ೩೧೭ ಮೈ ಇಳಿಸುವ ಸರಕುಗಳೇ. ಆ ೩೧೭ರಲ್ಲಿ ೨೬೯ರೊಳಗೆ ಇದೇ ಸಿಬುಟ್ರಮಿನ್ ಅಡಗಿತ್ತು. ಮೇಲೆ ಎಲೆಯ ಚಿತ್ರ, ಒಳಗೆ ನಿಷಿದ್ಧವಾದ ಔಷಧ! "ಇದು ನಿಜವಾಗಿಯೂ ಕೆಲಸ ಮಾಡುತ್ತದೆ" ಎಂದು ನೆರೆಮನೆಯಾಕೆಯು ಹೊಗಳುವ ಪುಡಿಯ ವಿಷಯದಲ್ಲಿಯೇ ಆದಕಾರಣ ಹೆಚ್ಚು ಭಯಪಡಬೇಕು.

ಈಗ ಮೊದಲನೇ ಪ್ರಶ್ನೆಗೆ ಬರೋಣ. "ಶರೀರವು ನನ್ನದು, ತಿನ್ನುವದೂ ಬಿಡುವದೂ ನನ್ನ ಇಷ್ಟ, ಸರಕಾರವು ನನ್ನ ತಂದೆಯಲ್ಲ" ಎಂದು ವಾದಿಸುವವರುಂಟು. ಈ ವಾದವನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ದೊಡ್ಡವರನ್ನು ಎಳೇ ಮಕ್ಕಳಂತೆ ಎಣಿಸುವ ದೊರೆತನವು ಒಳ್ಳೇದಲ್ಲ. ಆದರೆ ಇಷ್ಟವೆಂಬದು ತಿಳುವಳಿಕೆಯ ಮೇಲೆ ನಿಂತಿದೆ. ಆ ಹುಡುಗಿಯು ಡಬ್ಬಿಯ ಹಣ್ಣನ್ನು ಇಷ್ಟಪಟ್ಟಳೇ ಹೊರತು ಅದರೊಳಗೆ ಇದ್ದಿರಬಹುದಾದ ಬೇರೆಯದನ್ನು ಇಷ್ಟಪಡಲಿಲ್ಲ. ಅದು ಇದೆಯೋ ಇಲ್ಲವೋ ಎಂಬದೇ ಅವಳಿಗೆ ಗೊತ್ತಿರಲಿಲ್ಲ. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, "ನಿನಗೆ ಇಷ್ಟಬಂದ ದಾರಿಯಲ್ಲಿ ನಡೆ" ಎಂದು ಹೇಳುವದು ಸ್ವಾತಂತ್ರ್ಯ ಕೊಟ್ಟಂತಾಯಿತೋ? ಒಳಗಿರುವದನ್ನು ಹೊರಗೆ ಬರೆಯಿರಿ, ಸಾಧಿಸದಿರುವದನ್ನು ಸಾಧಿಸಿದೆವೆಂದು ಹೇಳಬೇಡಿರಿ ಎಂದು ಮಾರುವವನನ್ನು ಕಟ್ಟಿಹಾಕುವ ಕಾನೂನು ಕೊಳ್ಳುವವನ ಸ್ವಾತಂತ್ರ್ಯವನ್ನು ಕಸಿಯುವದಿಲ್ಲ. ಅದನ್ನು ಅವನಿಗೆ ತಿರಿಗಿ ಕೊಡುತ್ತದೆ.

ಕಾನೂನು ಇಲ್ಲದಿದ್ದಾಗ ಏನಾಗುವದೆಂಬದಕ್ಕೆ ಒಂದು ದೃಷ್ಟಾಂತವುಂಟು. ಮೊದಲನೇ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರಖಾನೆಗಳಲ್ಲಿ ಡೈನೈಟ್ರೋಫಿನಾಲ್ ಎಂಬ ರಸಾಯನವನ್ನು ಬಳಸುತ್ತಿದ್ದರು. ಅದನ್ನು ಮುಟ್ಟುತ್ತಿದ್ದ ಕೂಲಿಗಾರರು ಕೃಶರಾಗುವದನ್ನು ಜನರು ಕಂಡರು. ೧೯೩೩ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅದು ಮೈಯನ್ನು ಇಳಿಸುವದೆಂದು ಪ್ರಕಟಿಸಿದ ಕೂಡಲೇ ಅದು ಅಂಗಡಿಗಳಿಗೆ ಬಂತು. ಮೈಯೇನೋ ಇಳಿಯಿತು, ಆದರೆ ಶರೀರವು ಒಳಗಿನಿಂದಲೇ ಬೆಂದು ಕೆಲವರು ಸತ್ತರು, ಅನೇಕರ ಕಣ್ಣುಗಳಿಗೆ ಪೊರೆ ಬಂತು. ಆಗಿನ ಕಾನೂನು ರೋಗ ವಾಸಿಮಾಡುವ ವಸ್ತುವನ್ನು ಮಾತ್ರ ಔಷಧವೆಂದು ಎಣಿಸುತ್ತಿತ್ತು; ದಪ್ಪವಾಗಿರುವದು ರೋಗವಲ್ಲವೆಂಬ ನೆವದಿಂದ ಇಂಥಾ ಸರಕುಗಳು ತಪ್ಪಿಸಿಕೊಂಡವು. ೧೯೩೮ರಲ್ಲಿ ಹೊಸ ಕಾನೂನು ಬಂದ ಮೇಲೆಯೇ ಅದಕ್ಕೆ ತಡೆಯಾಯಿತು. ಕಟ್ಟೆಯಿಲ್ಲದ ಬಾವಿಗೆ ಬಿದ್ದವರನ್ನು ಎಣಿಸಿದ ಮೇಲೆ ಕಟ್ಟೆಯನ್ನು ಕಟ್ಟಿದರು.

ನಮ್ಮ ದೇಶದಲ್ಲಿ ಕಾನೂನು ಇಲ್ಲವೋ? ಉಂಟು. ಔಷಧಗಳ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ಕುರಿತ ೧೯೫೪ರ ಕಾಯಿದೆಯು, ಜಾಹೀರಾತಿನ ಮೂಲಕ ವಾಸಿಮಾಡುವೆವೆಂದು ಹೇಳಕೂಡದ ರೋಗಗಳ ಒಂದು ಪಟ್ಟಿಯನ್ನು ಕೊಟ್ಟಿದೆ. ಮಧುಮೇಹ, ಕುರುಡುತನ ಮುಂತಾದವುಗಳ ಸಂಗಡ ಬೊಜ್ಜುರೋಗವೂ ಆ ಪಟ್ಟಿಯಲ್ಲಿದೆ. ಮೊದಲ ತಪ್ಪಿಗೆ ಆರು ತಿಂಗಳ ವರೆಗೆ ಸೆರೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ. ಮತ್ತೊಂದಾವರ್ತಿಯಾದರೆ ಒಂದು ವರುಷದ ವರೆಗೆ ಸೆರೆ. ಆದರೆ ಪುಡಿಗಳೂ ಡಬ್ಬಿಗಳೂ ತಮ್ಮನ್ನು ಔಷಧವೆಂದು ಕರಕೊಳ್ಳುವದೇ ಇಲ್ಲ, ಪೂರಕಾಹಾರವೆಂದು ಕರಕೊಳ್ಳುತ್ತವೆ. ಅವುಗಳ ಮೇಲೆ ನಡೆಯುವದು ೨೦೦೬ರ ಆಹಾರ ಸುರಕ್ಷತೆಯ ಕಾಯಿದೆ ಮತ್ತು ಅದರ ಕೆಳಗೆ ಮಾಡಲ್ಪಟ್ಟ ನಿಯಮಗಳು. ಅವುಗಳ ಪ್ರಕಾರ ಇಂಥಾ ಡಬ್ಬಿಯು ರೋಗವನ್ನು ವಾಸಿಮಾಡುವೆನೆಂದು ಹೇಳಕೂಡದು. ಔಷಧೋಪಯೋಗಕ್ಕಲ್ಲವೆಂದು ತನ್ನ ಮೇಲೆ ಬರಕೊಳ್ಳಬೇಕು.

ಆದರೆ ಆಹಾರಕ್ಕೂ ಔಷಧಕ್ಕೂ ಒಂದು ದೊಡ್ಡ ಭೇದವುಂಟು. ಹೊಸ ಔಷಧವನ್ನು ತರುವವನು ಅದು ಗುಣಮಾಡುವದೆಂದೂ ಕೊಲ್ಲುವದಿಲ್ಲವೆಂದೂ ಮುಂಚಿತವಾಗಿ ಸಾಧಿಸಿ ತೋರಿಸಬೇಕು. ಪೂರಕಾಹಾರವನ್ನು ಮಾರುವವನು ಪ್ರತಿಯೊಂದು ಡಬ್ಬಿಯ ಗುಣವನ್ನು ಹಾಗೆ ಸಾಧಿಸಿ ತೋರಿಸಬೇಕಾಗಿಲ್ಲ. ನಮ್ಮ ವಿಧವೆಯು ತೋರಿಸಿದ ಹದಿನಾಲ್ಕು ಅಂಕಿಗಳ ಲೈಸೆನ್ಸು ನಂಬರಿನ ಅರ್ಥವು, ಇವನಿಗೆ ಆಹಾರವನ್ನು ಮಾಡಿ ಮಾರುವ ಅಪ್ಪಣೆಯುಂಟೆಂದು ಮಾತ್ರ. ಈ ಪುಡಿಯು ಮೈಯನ್ನು ಇಳಿಸುವದೆಂದು ಸರಕಾರವು ಸಾಕ್ಷಿ ಹೇಳಿದೆಯೆಂದಲ್ಲ. ಬಸ್ಸಿಗೆ ನಂಬರು ಇದ್ದ ಮಾತ್ರಕ್ಕೆ ಓಡಿಸುವವನು ಕುಡಿದಿಲ್ಲವೆಂದು ಗೊತ್ತಾಗುತ್ತದೋ?

ನಮಗೆ ತೋರುವದೇನಂದರೆ, ಮೈಯನ್ನು ಇಳಿಸುವೆನೆಂದು ಹೇಳುವ ವಸ್ತುವಿನಿಂದ ಸಾಕ್ಷಿಯನ್ನು ಮುಂಚಿತವಾಗಿಯೇ ಕೇಳುವದು ನ್ಯಾಯ. ಕೊಂಡವನು ಕಾಮಾಲೆಯಲ್ಲಿ ಮಲಗಿ ಸಾಧಿಸುವದಕ್ಕಿಂತ ಮಾರುವವನು ಪ್ರಯೋಗಶಾಲೆಯಲ್ಲಿ ಸಾಧಿಸುವದು ಉತ್ತಮ. ಕಡಿಮೆಪಕ್ಷ ಎಳೆಯರನ್ನಾದರೂ ಕಾಪಾಡಬೇಕು. ಕನ್ನಡಿಯ ಮುಂದೆ ಅಳುವ ವಯಸ್ಸು ಅವರದು. ಅಮೇರಿಕದ ನ್ಯೂಯಾರ್ಕ್ ಸಂಸ್ಥಾನದವರು, ಮೈ ಇಳಿಸುವ ಪೂರಕಾಹಾರಗಳನ್ನು ಹದಿನೆಂಟು ವರುಷದೊಳಗಿನವರಿಗೆ ಮಾರಕೂಡದೆಂದು ೨೦೨೩ರಲ್ಲಿ ಶಾಸನ ಮಾಡಿ ೨೦೨೪ರ ಏಪ್ರಿಲಿನಿಂದ ನಡಿಸುತ್ತಿದ್ದಾರೆ.

ಇದಕ್ಕೆ ಎರಡು ಆಕ್ಷೇಪಗಳುಂಟು. ಬಿಗಿಯಾದ ಕಾನೂನು ವ್ಯಾಪಾರವನ್ನು ಕತ್ತಲೆಗೆ ಓಡಿಸೀತೆಂಬದು ಒಂದು. ಇದು ನಿಜವೇ, ಮೇಲೆ ಹೇಳಿದ ಡೈನೈಟ್ರೋಫಿನಾಲನ್ನು ಎಂಭತ್ತೈದು ವರುಷಗಳಾದರೂ ಬೇರೆ ಹೆಸರುಗಳಿಂದ ಕದ್ದು ಮಾರುವವರು ಇದ್ದುದರಿಂದಲೇ ಬ್ರಿಟನ್ನಿನವರು ೨೦೨೩ರಲ್ಲಿ ಅದನ್ನು ವಿಷಗಳ ಕಾಯಿದೆಗೆ ಸೇರಿಸಬೇಕಾಯಿತು. ಆದರೆ ಕಳ್ಳರು ಇದ್ದಾರೆಂದು ಬಾಗಿಲಿಗೆ ಅಗುಳಿ ಹಾಕುವದನ್ನು ಬಿಡುತ್ತೇವೋ? ಉಪ್ಪಾಗೆಯನ್ನು ಆರಿಸುವ ಬಡವರ ಕೂಲಿಗೆ ಕೇಡಾದೀತೆಂಬದು ಇನ್ನೊಂದು. ಇದು ನಮ್ಮ ಸೀಮೆಯ ಆಕ್ಷೇಪವಾದದರಿಂದ ಹೆಚ್ಚು ನಾಟುತ್ತದೆ. ಆ ಕೂಲಿಯು ಕೆಲವು ಮನೆಗಳಲ್ಲಿ ಮಳೆಗಾಲದ ಅಕ್ಕಿಯಾಗಿದೆ. ಆದರೂ ಕಾನೂನು ಕೇಳುವದು ಹಣ್ಣನ್ನು ಬಿಡಬೇಕೆಂದಲ್ಲ, ಸುಳ್ಳನ್ನು ಬಿಡಬೇಕೆಂದು. ಹುಳಿಯಾಗಿ, ತುಪ್ಪವಾಗಿ, ಮೀನಿನ ಸಾರಿನ ಸಾಮಾನಾಗಿ ಉಪ್ಪಾಗೆಗೆ ಯಥಾರ್ಥವಾದ ಪೇಟೆಯುಂಟು. ಸುಳ್ಳಿನ ಮೇಲೆ ಏರಿದ ಬೆಲೆಯು ಹೇಗೂ ಒಂದು ದಿನ ಇಳಿಯುವದು. ಆಗ ಬರಿಗೈಯಲ್ಲಿ ಉಳಿಯುವವಳು ಕಾಡಿಗೆ ಹೋದವಳೇ ಹೊರತು ಡಬ್ಬಿ ತುಂಬಿದವನಲ್ಲ.

ಎರಡನೇ ಪ್ರಶ್ನೆ, ಆ ವಿಧವೆಯದು. ಕಾನೂನು ಬೇಡವೆನ್ನದಿರುವದೆಲ್ಲಾ ಯೋಗ್ಯವೋ? ಮನೆಯ ಮಾಳಿಗೆಗೆ ಕೈಪಿಡಿಗೋಡೆಯನ್ನು ಕಟ್ಟಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಒಂದು ಅಪ್ಪಣೆಯುಂಟೆಂದು ಬಲ್ಲಿರಿ. ಬೀಳುವವನು ತಾನೇ ಎಚ್ಚರವಾಗಿರಲೆಂದು ಹೇಳಿ ಮನೆಯವನು ತಪ್ಪಿಸಿಕೊಳ್ಳುವ ಹಾಗಿಲ್ಲ. ಕಾನೂನೆಂಬದು ಕೆಟ್ಟವನನ್ನು ಹಿಡಿಯುವದಕ್ಕೆ ಊರವರು ಹಾಕಿದ ಬೇಲಿ. ಬೇಲಿಗೆ ಕಂಡಿಯಿದ್ದರೆ ದನ ನುಗ್ಗೀತು, ಆದರೆ ಮನುಷ್ಯನು ದನವಲ್ಲ. ನೆರೆಯವಳ ಕೈಗೆ ಡಬ್ಬಿಯನ್ನು ಕೊಡುವಾಗ ಮಾರುವವಳು ತನ್ನನ್ನು ತಾನೇ ಮೂರು ಮಾತು ಕೇಳಿಕೊಳ್ಳಲಿ. ಇದರೊಳಗೆ ಏನಿದೆಯೆಂದು ನಾನು ಬಲ್ಲೆನೋ? ಇದು ಗುಣಮಾಡುವದೆಂದು ನನಗೆ ಹೇಳಿದವನು ಲಾಭವಿಲ್ಲದವನೋ? ಇದನ್ನು ನನ್ನ ಮಗಳಿಗೆ ಕೊಡುವೆನೋ? ಈ ಮೂರಕ್ಕೂ ಉತ್ತರವಿಲ್ಲದಿದ್ದರೆ ಲೈಸೆನ್ಸು ನಂಬರು ಆಕೆಯ ಮನಸ್ಸಾಕ್ಷಿಯನ್ನು ಬಿಡಿಸಲಾರದು.

ಕೊಳ್ಳುವವರಿಗೂ ಎರಡು ಮಾತು. ದಪ್ಪವಾಗಿರುವವರನ್ನು ಹೊಟ್ಟೆಬಾಕರೆಂದು ನಗುವವರು ಆ ಡಬ್ಬಿಯ ವ್ಯಾಪಾರಕ್ಕೆ ದಲ್ಲಾಳಿಗಳೇ. ಹುಟ್ಟುಗುಣ, ಹೆರಿಗೆ, ಥೈರಾಯಿಡ್ ಗ್ರಂಥಿಯ ರೋಗ, ಕೂತು ಮಾಡುವ ಕೆಲಸ, ಮನೋವ್ಯಥೆ, ಇಂಥಾ ಅನೇಕ ಕಾರಣಗಳಿಂದ ಮೈ ಬರುತ್ತದೆ. ನಿಜವಾದ ರೋಗವಾಗಿದ್ದರೆ ವೈದ್ಯರಲ್ಲಿ ಔಷಧವೂ ಉಂಟು. ೨೦೨೫ರಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್ ಮುಂತಾದ ಚುಚ್ಚುಮದ್ದುಗಳು ಪರೀಕ್ಷೆಯಲ್ಲಿ ಗೆದ್ದವುಗಳೇ. ಆದರೆ ಅವುಗಳಿಗೂ ಕೇಡುಗಳಿರುವದರಿಂದಲೇ ವೈದ್ಯರ ಚೀಟಿಯು ಬೇಕು. ಡಬ್ಬಿಯನ್ನು ತಿಂದು ಯಾರಿಗಾದರೂ ಎದೆ ಬಡಿತ, ಕಾಮಾಲೆ, ನಿದ್ರೆಗೇಡು ಬಂದರೆ ಡಬ್ಬಿಯನ್ನು ಎಸೆಯದೆ ವೈದ್ಯರ ಬಳಿಗೆ ಒಯ್ಯಿರಿ. ಔಷಧಗಳಿಂದಾದ ಕೇಡನ್ನು ಸರಕಾರಕ್ಕೆ ತಿಳಿಸುವದಕ್ಕೆ ೧೮೦೦-೧೮೦-೩೦೨೪ ಎಂಬ ಖರ್ಚಿಲ್ಲದ ಫೋನು ಉಂಟು. ಡಬ್ಬಿಯ ಮೇಲಿನ ಸುಳ್ಳನ್ನು ಆಹಾರ ಸುರಕ್ಷತಾಧಿಕಾರಿಗೆ ಬರೆದು ತಿಳಿಸಬಹುದು. ಬರೆಯದೆ ಗೊಣಗುವವನ ದೂರು ಯಾವ ಕಚೇರಿಯನ್ನೂ ಮುಟ್ಟದು.

ಕಡೆಗೆ ನಾವು ಆ ವಿಧವೆಯ ಮನೆಗೆ ಹೋಗಿ, ಮೇಲೆ ಬರೆದದ್ದನ್ನೆಲ್ಲಾ ನಿಧಾನವಾಗಿ ಹೇಳಿ, ಮೊದಲೇ ಹೇಳದೆ ಇದ್ದದ್ದಕ್ಕೆ ಕ್ಷಮೆ ಕೇಳಿದೆವು. ಆಕೆಯು ಬಹಳ ಹೊತ್ತು ಸುಮ್ಮನಿದ್ದು, "ಸರಿ ಅಯ್ಯನವರೇ, ಬಿಡುತ್ತೇನೆ. ಹುಡುಗನ ಫೀಸಿಗೆ ಏನು ಮಾಡಲಿ?" ಎಂದಳು. ಪ್ರಿಯರೇ, ಮಾರಬೇಡವೆಂದು ಹೇಳುವದು ಸುಲಭ; ಈ ಪ್ರಶ್ನೆಗೆ ಉತ್ತರ ಕೊಡುವದೇ ಕಷ್ಟ. ಬಡವರ ಮನಸ್ಸಾಕ್ಷಿಗೆ ತಗಲುವ ಖರ್ಚನ್ನು ಬಡವರೇ ಹೊರಬೇಕೆಂದು ಬೋಧಿಸುವವನು ಅರ್ಧ ಬೋಧನೆಯನ್ನು ಮಾಡಿದವನು. ಆ ವರುಷದ ಫೀಸನ್ನು ಕೆಲವರು ಕೂಡಿ ಹಾಕಿದೆವು. ಬೇಸಿಗೆಯಲ್ಲಿ ಆಕೆಯು ಹಲಸಿನ ಹಪ್ಪಳವನ್ನು ಒತ್ತಿದಳು. ಅದನ್ನು ನಾಲ್ಕೈದು ಮನೆಗಳವರು ಕೊಂಡರು. ಡಬ್ಬಿಯಷ್ಟು ಲಾಭವಿಲ್ಲ. ಆದರೆ ಹಪ್ಪಳದಲ್ಲಿ ಏನೇನಿದೆಯೆಂದು ಕೇಳಿದರೆ ಆಕೆಯು ತಡೆಯದೆ ಹೇಳಬಲ್ಲಳು.

ನಾವು ಕೊಂಡ ಡಬ್ಬಿಯು ಒಡೆಯದೆ ಇನ್ನೂ ಗೂಡಿನಲ್ಲಿದೆ. ಕೇಳಿದಾಗ ಉತ್ತರ ಕೊಡದೆ ಇದ್ದದ್ದರ ಗುರುತಾಗಿ ಅದನ್ನು ಅಲ್ಲಿಯೇ ಇಟ್ಟಿದ್ದೇವೆ.